ಮೈನಸ್ 6 ಪವರ್, ಕಾರ್ನಿಯಾ 498: ಲೇಸರ್ ಮಾಡಿಸ್ಬೋದಾ?

ಸೋಡಾಬುಡ್ಡಿ:
ಎಲ್ರಿಗೂ ನಮಸ್ಕಾರ. ನಂಗೆ 27, ಐದನೇ ಕ್ಲಾಸಿಂದ ಕನ್ನಡಕ. ಬಲಗಣ್ಣು ಮೈನಸ್ 6, ಎಡಗಣ್ಣು ಮೈನಸ್ 5.5, ಎರಡ್ರಲ್ಲೂ ಚೂರು ಸಿಲಿಂಡರ್ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ದಿದ್ದಕ್ಕೆ ಹಾಕೋ ಪವರ್) ಇದೆ. ಎರಡು ವರ್ಷದಿಂದ ಪವರ್ ಅಲ್ಲಾಡಿಲ್ಲ. ಹೆಲ್ಮೆಟ್ ಒಳಗೆ ಕನ್ನಡಕದ ಕಡ್ಡಿ ತೂರಿಸೋದು, ಮಳೇಲಿ ಗಾಡಿ ಓಡ್ಸೋದು, ಬಸ್ಸಲ್ಲಿ ನಿದ್ದೆ ಹತ್ತಿದ್ರೆ ಕನ್ನಡಕ ಎಲ್ಲಿ ಬಿತ್ತು ಅಂತ ತಡಕಾಡೋದು, ಸಾಕಾಗೋಗಿದೆ.

ಲೇಸರ್ ಆಪರೇಷನ್ ಮಾಡ್ಸಿ ಕನ್ನಡಕ ಬಿಡೋಣ ಅಂತ ಬೆಂಗಳೂರಲ್ಲಿ ಮೂರು ಕಡೆ ಕಣ್ಣು ತೋರಿಸ್ದೆ, ಮೂರೂ ಕಡೆ ಮೂರು ಥರ ಹೇಳ್ತಾರೆ. ಒಂದ್ಕಡೆ ಸ್ಮೈಲ್ ಅನ್ನೋ ಲೇಸರ್ ಆಪರೇಷನ್ ಮಾಡ್ಸಿ, ಇವತ್ತೇ ಅಡ್ವಾನ್ಸ್ ಕಟ್ಟಿದ್ರೆ ಡಿಸ್ಕೌಂಟು ಅಂದ್ರು, ಡಾಕ್ಟ್ರ ಮುಖ ನೋಡೋಕ್ಮುಂಚೆನೇ ಇಎಂಐ ಲೆಕ್ಕ ಶುರು ಆಗಿತ್ತು. ಎರಡನೇ ಕಡೆ ನಿಮ್ಮ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ತೆಳು, 498 ಮೈಕ್ರಾನ್ ಇದೆ, ಅಂದ್ರೆ ಅರ್ಧ ಮಿಲಿಮೀಟರೂ ಇಲ್ಲ, ಪಿಆರ್‌ಕೆ ಅನ್ನೋ ಇನ್ನೊಂದು ಥರದ ಲೇಸರ್ ಬಿಟ್ರೆ ಬೇರೇದು ಬೇಡ ಅಂದ್ರು. ಮೂರನೇಯವ್ರು ಲೇಸರೇ ಬೇಡ, ಕಣ್ಣೊಳಗೆ ಐಸಿಎಲ್ ಲೆನ್ಸ್ ಹಾಕೋಣ ಅಂದ್ರು, ರೇಟ್ ಕೇಳಿ ಎದೆ ಧಸಕ್ ಅಂತು. ಅಮ್ಮ ಅಂತೂ ಲೇಸರ್ ಅಂದ್ರೆ ಕಣ್ಣು ಸುಟ್ಟುಬಿಡ್ತಾರೆ, ಕನ್ನಡಕ ಏನು ಭಾರನಾ ಅಂತ ಒಂದೇ ಸಮ. ಮಾಡಿಸ್ಕೊಂಡವ್ರು, ಗೊತ್ತಿರೋರು ಹೇಳ್ರಪ್ಪ, ಯಾರ ಮಾತು ನಂಬ್ಲಿ?

ಆಪ್ಟೋ ಅಣ್ಣ:
ನಾನು ಆಪ್ಟೋಮೆಟ್ರಿಸ್ಟ್, ಅಂದ್ರೆ ಕಣ್ಣಿನ ಪವರ್ ಪರೀಕ್ಷೆ ಮಾಡೋನು, ಸರ್ಜನ್ ಅಲ್ಲ, ಅಷ್ಟು ತಲೇಲಿಟ್ಕೊಂಡು ಓದಿ. ಯಾರ ಮಾತೂ ನಂಬ್ಬೇಡಿ, ಲೆಕ್ಕ ಹಾಕಿ. ಒಂದು ಪವರ್ ಇಳಿಸೋಕೆ ಲೇಸರ್ ಸುಮಾರು 12ರಿಂದ 15 ಮೈಕ್ರಾನ್ ಕಾರ್ನಿಯಾ ತೆಗೆಯತ್ತೆ. ಮೈನಸ್ 6ಕ್ಕೆ 90 ಅಂತಿಟ್ಕೊಳ್ಳಿ. ಲೇಸಿಕ್ ಅನ್ನೋ ಲೇಸರ್ ವಿಧಾನದಲ್ಲಿ ಕಾರ್ನಿಯಾ ಮೇಲೊಂದು ಫ್ಲಾಪ್ (ಮುಚ್ಚಳದ ಥರ ಕತ್ತರಿಸಿದ ತೆಳು ಪದರ) ಎತ್ತುತಾರೆ, ಅದು 110 ಆಸುಪಾಸು, ವಾಪಸ್ ಮುಚ್ಚಿದ್ರೂ ಅದಕ್ಕೆ ಮೊದಲಿನ ಬಲ ಬರಲ್ಲ. 498ರಲ್ಲಿ 200 ಹೋಯ್ತು, ಉಳಿದಿದ್ದು 298. 250ಕ್ಕಿಂತ ಕಮ್ಮಿ ಉಳೀಬಾರ್ದು ಅನ್ನೋದು ಹಳೇ ನಿಯಮ, ಈಗ ತುಂಬಾ ಜನ 300 ಬೇಕು ಅಂತಾರೆ, ಜೊತೆಗೆ ಫ್ಲಾಪು, ಲೇಸರ್ ತೆಗೆದಿದ್ದು ಎರಡೂ ಸೇರಿ ಒಟ್ಟು ದಪ್ಪದ 40 ಪರ್ಸೆಂಟ್ ಮುಟ್ಟಿದ್ರೆ ರಿಸ್ಕ್ ಅಂತಾನೂ ನೋಡ್ತಾರೆ. ನಿಮ್ದು ಕರೆಕ್ಟಾಗಿ ಆ ಗೆರೆ ಮೇಲೆ ಕೂತಿದೆ.

ಸ್ಮೈಲ್‌ನಲ್ಲಿ ಫ್ಲಾಪ್ ಇಲ್ಲ, ಸಣ್ಣ ಸೀಳಿಂದ ಒಳಗಿನ ತೆಳು ಬಿಲ್ಲೆ ಎಳೀತಾರೆ, ಚೆನ್ನಾಗಿದೆ. ಆದ್ರೆ ಕಾರ್ನಿಯಾ ಉಳಿಯತ್ತೆ ಅಂತ ಮಾರೋದು ಅರ್ಧ ಸತ್ಯ. ಮೇಲಿನ ಕ್ಯಾಪ್ 120, ಬಿಲ್ಲೆ 100ರ ಮೇಲೆ, ಅಡಿಗೆ ಉಳಿಯೋದು 270 ಹತ್ರ. ಕ್ಯಾಪನ್ನ ಫ್ಲಾಪ್ ಥರ ಸುತ್ತಲೂ ಕತ್ತರಿಸದೆ ಇರೋದ್ರಿಂದ ಬಲ ಜಾಸ್ತಿ ಅಂತ ವಾದ ಇದೆ, ಇರಲಿ. ಪಿಆರ್‌ಕೆ ಆದ್ರೆ ಮೇಲಿನ ಚರ್ಮ 50 ಚಿಲ್ಲರೆ ಕೆರೆದು ತೆಗೀತಾರೆ, ಅದು ತಾನೇ ಬೆಳ್ಕೊಳತ್ತೆ, ಹಾಗಾಗಿ ಅಡಿಗೆ 350 ಉಳಿಯತ್ತೆ. ಐಸಿಎಲ್ ಕಾರ್ನಿಯಾನೇ ಮುಟ್ಟಲ್ಲ, ಬೇಡ ಅಂದ್ರೆ ತೆಗೀಬೋದು, ಆದ್ರೆ ಅದಕ್ಕೆ ಕಣ್ಣಿನ ಮುಂದಿನ ಕೋಣೆ (ಕಾರ್ನಿಯಾಕ್ಕೂ ಕಣ್ಣಿನ ಸ್ವಂತ ಲೆನ್ಸಿಗೂ ನಡುವಿನ ಜಾಗ) ಆಳ 2.8 ಮಿಮೀ ಆದ್ರೂ ಬೇಕು, ಮತ್ತೆ ಅದು ಕಣ್ಣೊಳಗಿನ ಆಪರೇಷನ್ನು, ಮುಂದೆ ಪೊರೆ, ಕಣ್ಣೊಳಗಿನ ಪ್ರೆಷರ್ ಬರೋ ಸಾಧ್ಯತೆ ಸ್ವಲ್ಪ ಇದ್ದೇ ಇದೆ.

ದಪ್ಪಕ್ಕಿಂತ ಆಕಾರ ಮುಖ್ಯ. ಎರಡು ಪ್ರಶ್ನೆ: ಕಾಂಟ್ಯಾಕ್ಟ್ ಲೆನ್ಸೂ ಹಾಕ್ತೀರಾದ್ರೆ, ಪೆಂಟಾಕ್ಯಾಮ್ (ಕಾರ್ನಿಯಾ ಆಕಾರ, ದಪ್ಪ ಅಳೆಯೋ ಯಂತ್ರ) ಸ್ಕ್ಯಾನ್‌ಗೆ ಮುಂಚೆ ಅದನ್ನ ಎಷ್ಟು ದಿನ ಬಿಟ್ಟಿದ್ರಿ? ಕಣ್ಣು ಉಜ್ಜೋ ಅಭ್ಯಾಸ ಇದೆಯಾ?

ಮಲೆನಾಡ ಮಳೆ:
ನಾನು ಪಿಆರ್‌ಕೆ ಮಾಡಿಸ್ಕೊಂಡಿದೀನಿ, ಪವರ್ 4 ಇತ್ತು. ಆಪರೇಷನ್ ಅನ್ನೋದೇ ಏನೂ ಅಲ್ಲ ಗುರುವೇ, ಡ್ರಾಪ್ಸ್ ಹಾಕಿ ಮರಗಟ್ಟಿಸ್ತಾರೆ, ರೆಪ್ಪೆ ಮುಚ್ಚದ ಹಾಗೆ ಕ್ಲಿಪ್ ಹಾಕ್ತಾರೆ, ಮೇಲೊಂದು ಹಸಿರು ಲೈಟ್ ನೋಡ್ತಾ ಇರಿ ಅಂತಾರೆ. ಬ್ರಶ್ ಥರದ್ದು ಏನೋ ಉಜ್ಜಿದ ತಕ್ಷಣ ಆ ಲೈಟು ಕದಡಿದ ಹಾಗಾಗತ್ತೆ, ಆಮೇಲೆ ಟಕಟಕ ಅಂತ ಲೇಸರ್ ಸದ್ದು, ಕೂದಲು ಸುಟ್ಟ ವಾಸನೆ, ಮುಗೀತು. ನೋವು ಗೀವು ಇಲ್ಲ. ಅಸಲಿ ಆಟ ಇರೋದು ಮನೆಗೆ ಬಂದ್ಮೇಲೆ. ಗಾಯ ಮುಚ್ಚೋಕೆ ಬ್ಯಾಂಡೇಜ್ ಲೆನ್ಸ್ ಅಂತ ಹಾಕಿ ಕಳಿಸ್ತಾರೆ, ಅದು ತೆಗೆಯೋವರೆಗೂ ಕಣ್ಣಲ್ಲಿ ಖಾರದ ಪುಡಿ ಉದುರಿಸಿದ ಹಾಗೆ, ಕರ್ಟನ್ ಸಂದಿಯಿಂದ ಬರೋ ಬೆಳಕೂ ತಡ್ಕೊಳಕ್ಕಾಗಲ್ಲ, ಮೂಗಲ್ಲಿ ನೀರು, ಫೋನ್ ನೋಡಂಗಿಲ್ಲ, ಮನೆಯವ್ರೇ ಡ್ರಾಪ್ಸ್ ಹಾಕ್ಬೇಕು. ಲೇಸಿಕ್ ಮಾಡಿಸ್ಕೊಂಡ ನಮ್ಮ ಟೀಮ್‌ನೋನು ಮಾರನೇ ದಿನ ಕ್ರಿಕೆಟ್ ಸ್ಕೋರ್ ಓದ್ತಿದ್ದ, ನಂಗೆ ಸ್ಕ್ರೀನ್ ಸರಿಯಾಗಿ ಕಾಣೋಕೆ ವಾರಗಟ್ಟಲೆ ಹಿಡೀತು, ಅಲ್ಲೀವರೆಗೂ ಆಫೀಸಲ್ಲಿ ಫಾಂಟ್ 200 ಪರ್ಸೆಂಟ್ ಇಟ್ಕೊಂಡಿದ್ದೆ. ಸ್ಟೀರಾಯ್ಡ್ ಡ್ರಾಪ್ಸ್ ತಿಂಗಳುಗಟ್ಟಲೆ, ಅದಕ್ಕೆ ಕಣ್ಣಿನ ಪ್ರೆಷರ್ ಚೆಕ್ ಬೇರೆ. ಬಿಸಿಲಿಗೆ ಕೂಲಿಂಗ್ ಗ್ಲಾಸ್ ಇಲ್ದೆ ಹೋಗ್ಬೇಡಿ, ಕಾರ್ನಿಯಾ ಮಬ್ಬಾಗತ್ತೆ ಅಂತ ಬೈದು ಬೈದು ಹೇಳಿದ್ರು. ಇಷ್ಟೆಲ್ಲಾ ಆದ್ಮೇಲೂ, ಮಾಡಿಸಿ ಅಂತಾನೇ ಹೇಳ್ತೀನಿ.

ಫೋಟಾನ್ ಭಟ್ಟ:
ಸುಟ್ಟ ವಾಸನೆ ಅಂದ್ರಲ್ಲ, ಅದು ಸುಡೋದಲ್ಲ. ಎಕ್ಸೈಮರ್ ಲೇಸರ್ 193 ನ್ಯಾನೋಮೀಟರಿನ ನೇರಳಾತೀತ ಕಿರಣ, ಅಣುಗಳ ಬಂಧಾನೇ ಬಿಡಿಸಿ ಹಾರಿಸತ್ತೆ, ಪಕ್ಕದ ಭಾಗಕ್ಕೆ ಕಾವು ತಾಗೋದು ಬಹಳ ಕಮ್ಮಿ. ಇದು ಜೀವಿಗಳ ಅಂಗಾಂಶದ ಮೇಲೆ ನಡೆಯತ್ತೆ ಅಂತ ತೋರಿಸಿದ್ದು ಮದ್ರಾಸಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್, 1981ರಲ್ಲಿ, ಅಮೆರಿಕದ ಐಬಿಎಂ ಲ್ಯಾಬಲ್ಲಿ. ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟದಲ್ಲಿ ಉಳಿದ ಟರ್ಕಿ ಕೋಳಿ ತುಂಡನ್ನ ಲ್ಯಾಬಿಗೆ ತಗೊಂಡೋಗಿ ಅದ್ರ ಮೇಲೆ ಲೇಸರ್ ಬಿಟ್ಟು ನೋಡಿದ್ರಂತೆ. 2013ರಲ್ಲಿ ಒಬಾಮಾ ಕೈಯಿಂದ ಪದಕಾನೂ ಬಂತು. ಅಮ್ಮಂಗೆ ಇದನ್ನ ಹೇಳಿ, ಕೋಳಿ ವಿಷ್ಯ ಬೇಕಾದ್ರೆ ಬಿಡಿ.

ನಲವತ್ತು ದಾಟಿದವ:
ನಂಗೆ ಈಗ 43, ಮದ್ವೆಗೆ ಮುಂಚೆ ಲೇಸಿಕ್ ಮಾಡಿಸಿದ್ದೆ, ದೂರದ್ದು ಇವತ್ತಿಗೂ ಫಸ್ಟ್ ಕ್ಲಾಸ್. ಆದ್ರೆ ಚಾಳೀಸು ಬಂದೇ ಬಂತು, ಅದನ್ನ ಯಾವ ಲೇಸರೂ ತಪ್ಪಿಸಿಲ್ಲ. ಮೈನಸ್ ಇದ್ದಿದ್ರೆ ಕನ್ನಡಕ ತೆಗೆದು ಮೂಗಿನ ಹತ್ರ ಹಿಡಿದು ಓದ್ಬೋದಿತ್ತು, ಆ ಸವಲತ್ತೂ ಹೋಯ್ತು, ಈಗ ಮಾತ್ರೆ ಡಬ್ಬಿ ಮೇಲಿನ ಅಕ್ಷರಕ್ಕೆ ಹೆಂಡ್ತಿ ಕನ್ನಡಕ ಕಿತ್ಕೊತೀನಿ. ಮೊದಲ ವರ್ಷ ರಾತ್ರಿ ಶಿರಾಡಿ ಘಾಟಲ್ಲಿ ಎದುರಿಂದ ಬರೋ ಲಾರಿ ಲೈಟಿಗೆಲ್ಲಾ ಪ್ರಭಾವಳಿ ಕಾಣ್ತಿತ್ತು, ಆಮೇಲೆ ಕಮ್ಮಿ ಆಯ್ತು.

ಇನ್ನೆರಡು ಮಾತು. ಮೈನಸ್ ಪವರಿನ ಕಣ್ಣು ಉದ್ದ ಜಾಸ್ತಿ, ಪವರ್ ಹೋದ್ರೂ ಆ ಉದ್ದ ಹಾಗೇ ಇರತ್ತೆ, ಹಿಂದಿನ ಪರದೆ ಅಂದ್ರೆ ರೆಟಿನಾ ಹರಿಯೋ ಅಪಾಯ ಎಲ್ಲೂ ಹೋಗಲ್ಲ, ಅದಕ್ಕೆ ಪಾಪೆ ದೊಡ್ಡದು ಮಾಡಿ ವರ್ಷಕ್ಕೊಂದ್ಸಲ ತೋರಿಸ್ಲೇಬೇಕು. ಮತ್ತೆ ಆಪರೇಷನ್‌ಗೆ ಮುಂಚಿನ ರಿಪೋರ್ಟೆಲ್ಲ ಫೈಲ್ ಮಾಡಿ ಬೀರುವಲ್ಲಿಡಿ. ವಯಸ್ಸಾದ್ಮೇಲೆ ಪೊರೆ ಆಪರೇಷನ್ ಮಾಡೋವಾಗ ಲೆನ್ಸ್ ಪವರ್ ಲೆಕ್ಕ ತಪ್ಪೋದು ಲೇಸರ್ ಆದ ಕಣ್ಣಲ್ಲೇ ಜಾಸ್ತಿ.

ಫೇಡಾ ಪ್ರೇಮಿ:
ನೌಕರಿ ವಿಚಾರಾನೂ ನೋಡ್ಕೋರಿ. ನಮ್ಮ ತಮ್ಮ ರೈಲ್ವೆ ಲೋಕೋ ಪೈಲಟ್ ಪರೀಕ್ಷೆಗೆ ಓದಾಕತ್ತಿದ್ದ, ಲೇಸಿಕ್ ಮಾಡ್ಸಿದವ್ರು ಅರ್ಹರಲ್ಲ ಅಂತ ನೋಟಿಫಿಕೇಶನ್ನಾಗ ಬರದಾರ. ಕನ್ನಡಕ ಇದ್ರೂ ನೌಕರಿ ಹೊಂಟ್ಹೋತು, ತಗಸಿದ್ರೂ ಹೊಂಟ್ಹೋತು. ಪುಣ್ಯಾಕ್ಕ ಮಾಡ್ಸೂಕಿನ ಮೊದ್ಲ ಓದಿದ್ವಿ. ಇನ್ನ ಇನ್ಶೂರೆನ್ಸ್ ಅಂದ್ರ ಪವರ್ 7.5ಕಿಂತ ಕಡಿಮಿ ಇದ್ರ ನಯಾಪೈಸಾ ಕೊಡಂಗಿಲ್ಲ, ಪಾಲಿಸಿಯೊಳಗ ಸಣ್ಣಕ್ಷರದಾಗ ಇರ್ತದ.

ಸೋಡಾಬುಡ್ಡಿ:
ಎಲ್ರಿಗೂ ಥ್ಯಾಂಕ್ಸ್, ಇಷ್ಟು ವಿಷ್ಯ ಮೂರು ಕಡೆ ಫೀಸ್ ಕೊಟ್ರೂ ಗೊತ್ತಾಗಿರ್ಲಿಲ್ಲ. ನಂದು ಪ್ರೈವೇಟ್ ಕೆಲ್ಸ, ಆ ಚಿಂತೆ ಇಲ್ಲ. ಆಪ್ಟೋ ಅಣ್ಣ, ಆ ಡಿಸ್ಕೌಂಟ್ ಜಾಗದಲ್ಲಿ ಕಾಂಟ್ಯಾಕ್ಟ್ ಲೆನ್ಸ್ ತೆಗೆದು ಪಕ್ಕಕ್ಕಿಟ್ಟೇ ಸ್ಕ್ಯಾನ್‌ಗೆ ಕೂರಿಸಿದ್ರು, ಯಾರೂ ಏನೂ ಕೇಳ್ಲಿಲ್ಲ. ಮಿಕ್ಕ ಎರಡು ಕಡೆ ಬಿಟ್ಟು ಬನ್ನಿ ಅಂದಿದ್ರು. ಉಜ್ಜೋದು ಇದೆ, ಡಸ್ಟ್ ಅಲರ್ಜಿ, ಬೆಂಗಳೂರು ಧೂಳಿಗೆ ಬೆಳಿಗ್ಗೆ ಎದ್ರೆ ಅದೇ ಕೆಲ್ಸ.

ಆಪ್ಟೋ ಅಣ್ಣ:
ಹಾಗಾದ್ರೆ ಮೊದಲನೇ ರಿಪೋರ್ಟ್ ಕಸದ ಬುಟ್ಟಿಗೆ. ಲೆನ್ಸ್ ಒತ್ತಡಕ್ಕೆ ಕಾರ್ನಿಯಾ ಆಕಾರ ತಾತ್ಕಾಲಿಕವಾಗಿ ಬದಲಾಗಿರತ್ತೆ, ಅದ್ರ ಮೇಲೆ ಲೇಸರ್ ಪ್ಲಾನ್ ಮಾಡೋ ಹಾಗಿಲ್ಲ. ಸಾಫ್ಟ್ ಲೆನ್ಸ್ ಆದ್ರೆ ಎರಡು ವಾರ ಬಿಡಿ. ಉಜ್ಜೋದು ಇನ್ನೂ ದೊಡ್ಡ ವಿಷ್ಯ, ಕೆರಟೋಕೋನಸ್ ಅಂತ ಕಾರ್ನಿಯಾ ಶಂಕುವಿನ ಹಾಗೆ ಮುಂದಕ್ಕೆ ಬರೋ ಕಾಯಿಲೆಗೂ ಇದಕ್ಕೂ ನಂಟಿದೆ. ಅದ್ರ ಚಿಕ್ಕ ಸುಳಿವಿದ್ರೂ ಲೇಸಿಕ್, ಸ್ಮೈಲ್ ಎರಡೂ ಬಂದ್. ಮೊದ್ಲು ಅಲರ್ಜಿಗೆ ಡ್ರಾಪ್ಸ್ ತಗೊಂಡು ಉಜ್ಜೋದು ನಿಲ್ಲಿಸಿ, ಕಣ್ಣು ಒಣಗಿದ್ಯಾ ಅಂತ ಟೆಸ್ಟ್ ಮಾಡಿಸಿ, ಆಮೇಲೆ ಹೊಸ ಪೆಂಟಾಕ್ಯಾಮ್. ಕಾರ್ನಿಯಾ ಹಿಂಭಾಗದ ಮ್ಯಾಪ್ ಹೆಂಗಿದೆ ಅಂತ ಡಾಕ್ಟರನ್ನೇ ಕೇಳಿ, ಕೌಂಟರಲ್ಲಿ ಕೂತವ್ರನ್ನಲ್ಲ. ರಿಪೋರ್ಟ್ ಕಲರ್ ಪ್ರಿಂಟೇ ಇಸ್ಕೊಳ್ಳಿ, ಜೆರಾಕ್ಸ್ ಕಾಪಿ ಕೊಟ್ರೆ ಬೇಡ ಅನ್ನಿ, ಆ ಮ್ಯಾಪಲ್ಲಿ ಓದೋದೇ ಬಣ್ಣಾನ.