ರಿಜಿಸ್ಟರ್ಡ್ ಮ್ಯಾನೇಜರ್ ಹುದ್ದೆ ಒಪ್ಪಿಕೊಂಡರೆ ಆಡಳಿತದ ಹೊಣೆ ಎಷ್ಟು?

ಪ್ರಶ್ನೆ: ಲೆಸ್ಟರ್ ನಿವಾಸಿ

ಇಂಗ್ಲೆಂಡಿನ ಒಂದು ಕೇರ್ ಹೋಮ್‌ನಲ್ಲಿ ನಾನು ಡೆಪ್ಯುಟಿ ಮ್ಯಾನೇಜರ್. ಈಗಿನ ಮ್ಯಾನೇಜರ್ ನಿವೃತ್ತರಾಗುತ್ತಿರುವುದರಿಂದ ಆರೈಕೆ ಸೇವೆಗಳನ್ನು ನೋಂದಾಯಿಸಿ ತನಿಖೆ ಮಾಡುವ ಸರ್ಕಾರಿ ಸಂಸ್ಥೆ ಸಿಕ್ಯೂಸಿಗೆ ರಿಜಿಸ್ಟರ್ಡ್ ಮ್ಯಾನೇಜರ್ (ಅಲ್ಲಿ ಹೆಸರು ನೋಂದಾಯಿಸಿಕೊಂಡ ಮ್ಯಾನೇಜರ್) ಆಗಿ ಅರ್ಜಿ ಹಾಕಬೇಕೆಂದು ಮಾಲೀಕರು ಸೂಚಿಸಿದ್ದಾರೆ. ಆಡಿಟ್ (ಆರೈಕೆಯ ಗುಣಮಟ್ಟದ ತಪಾಸಣೆ), ಸಿಬ್ಬಂದಿ ನೇಮಕ, ಖರ್ಚುವೆಚ್ಚ ಎಲ್ಲವನ್ನೂ ಮುಖ್ಯ ಕಚೇರಿಯೇ ನೋಡಿಕೊಳ್ಳುತ್ತದೆ, ನೀವು ಸಹಿ ಮಾಡಿದರೆ ಸಾಕು ಎನ್ನುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಇದು ಸರಿಯೇ?

ಉತ್ತರ: ಹಳೆಯ ಮ್ಯಾನೇಜರ್

ಸರಿಯಲ್ಲ. ಇಂಗ್ಲೆಂಡಿನ ಆರೈಕೆ ಸೇವೆಗಳಿಗೆ ಅನ್ವಯಿಸುವ 2014ರ ನಿಯಮಾವಳಿಯಲ್ಲಿ ಬರುವ ‘ರಿಜಿಸ್ಟರ್ಡ್ ಪರ್ಸನ್’ ಎಂಬ ಮಾತು ಸೇವೆ ನಡೆಸುವ ಸಂಸ್ಥೆಯನ್ನೂ ಮ್ಯಾನೇಜರನ್ನೂ ಒಳಗೊಳ್ಳುತ್ತದೆ. ಆದ್ದರಿಂದ ಸಹಿ ನಿಮ್ಮದು, ಹೊಣೆ ಮುಖ್ಯ ಕಚೇರಿಯದು ಎಂಬ ವಿಂಗಡಣೆಗೆ ಅಲ್ಲಿ ಜಾಗವಿಲ್ಲ. ಆಡಳಿತಕ್ಕೆ ಸಂಬಂಧಿಸಿದ 17ನೇ ನಿಯಮವು ಗುಣಮಟ್ಟ ಮತ್ತು ಅಪಾಯಗಳ ಮೇಲೆ ನಿಗಾ, ಪ್ರತಿ ನಿವಾಸಿಯ ಕುರಿತು ಆಗಿಂದಾಗಲೇ ಬರೆದಿಟ್ಟ ಸಂಪೂರ್ಣ ದಾಖಲೆ, ನಿವಾಸಿಗಳ ಅಭಿಪ್ರಾಯ ಕೇಳಿ ಅದರಂತೆ ನಡೆದುಕೊಳ್ಳುವುದು, ಇವೆಲ್ಲವನ್ನೂ ಕೇಳುತ್ತದೆ.

ಆಡಿಟ್ ಎಂದರೆ ನಮೂನೆ ತುಂಬುವುದು ಎಂಬ ಭಾವನೆ ನಮ್ಮಲ್ಲಿ ಬಹಳ ಕಡೆ ಇದೆ. ಔಷಧ ಕೊಟ್ಟ ಚಾರ್ಟಿನಲ್ಲಿ ರಾತ್ರಿ ಪಾಳಿಯ ಸಹಿಗಳು ಬಿಟ್ಟುಹೋಗಿವೆ ಎಂದು ಮೂರು ತಿಂಗಳ ಆಡಿಟ್‌ಗಳೂ ಬರೆದಿದ್ದು, ನಾಲ್ಕನೆಯದೂ ಅದನ್ನೇ ಬರೆದರೆ, ಆ ಕಾಗದಗಳು ನಿಮ್ಮ ಪರವಾಗಿ ಅಲ್ಲ, ನಿಮ್ಮ ವಿರುದ್ಧವೇ ಸಾಕ್ಷಿ ನುಡಿಯುತ್ತವೆ: ದೋಷ ಗೊತ್ತಿದ್ದೂ ಸುಮ್ಮನಿದ್ದಿರಿ ಎಂದು. ಆ ಪಾಳಿಯಲ್ಲಿ ಒಬ್ಬರೇ ನರ್ಸ್ ಎರಡು ಮಹಡಿ ನೋಡುತ್ತಿದ್ದರೇ, ಔಷಧ ಕೊಡುವ ಹೊತ್ತಿಗೇ ಕರೆಗಂಟೆ ಬಾರಿಸುತ್ತಿತ್ತೇ ಎಂದು ಕಾರಣ ಹುಡುಕಿ, ಬದಲಾವಣೆ ಮಾಡಿ, ಮುಂದಿನ ತಿಂಗಳು ಅದರಿಂದ ಫಲ ಸಿಕ್ಕಿತೇ ಎಂದು ನೋಡಿದರೆ ಮಾತ್ರ ಅದನ್ನು ಆಡಳಿತ ಎನ್ನಬಹುದು. ತನಿಖೆಗೆ ಬರುವವರು ಮ್ಯಾನೇಜರ್ ಕೋಣೆಯ ಕಡತಗಳಷ್ಟೇ ಗಮನವಿಟ್ಟು ಕೇರರ್‌ಗಳ ಮಾತನ್ನೂ ಕೇಳುತ್ತಾರೆ.

ಉತ್ತರ: ನಿಯಮ ಓದುವವರು

ಮೇಲಿನವರ ಮಾತಿಗೆ ಒಂದು ತಿದ್ದುಪಡಿ ಅಗತ್ಯ, ಏಕೆಂದರೆ ಅನಗತ್ಯ ಭಯವೂ ಒಳ್ಳೆಯದಲ್ಲ. 17ನೇ ನಿಯಮವನ್ನು ಮುರಿದ ಮಾತ್ರಕ್ಕೆ ನೇರವಾಗಿ ಮೊಕದ್ದಮೆ ಹೂಡಲಾಗದು. ಸಿಕ್ಯೂಸಿ ಕೇಳಿದ ಲಿಖಿತ ವರದಿಯನ್ನು ಸಲ್ಲಿಸದಿದ್ದರೆ ಮಾತ್ರ ಆ ನಿಯಮದಡಿ ಅಪರಾಧವಾಗುತ್ತದೆ. ಆದರೆ ಎಚ್ಚರಿಕೆ ನೋಟಿಸ್ ಕೊಡುವ, ನೋಂದಣಿಗೆ ಷರತ್ತು ಹಾಕುವ ಅಧಿಕಾರ ಅವರಿಗಿದೆ. ಗಂಭೀರ ಗಾಯ, ಹಿಂಸೆಯ ಆರೋಪ, ಸಾವು ಮುಂತಾದವನ್ನು ತಡಮಾಡದೆ ತಿಳಿಸುವ ಕರ್ತವ್ಯ 2009ರ ಪ್ರತ್ಯೇಕ ನಿಯಮಗಳಲ್ಲಿದೆ.

ಪ್ರಶ್ನೆ ಕೇಳಿದವರು

ಪಾಳಿಗೆ ಇನ್ನೊಬ್ಬರು ಬೇಕೆಂದು ನಾನು ಕೇಳಿ, ಮಾಲೀಕರು ಹಣವಿಲ್ಲವೆಂದರೆ?

ಉತ್ತರ: ಹಳೆಯ ಮ್ಯಾನೇಜರ್

ನಿವಾಸಿಗಳ ಅವಲಂಬನೆಯ ಮಟ್ಟವನ್ನು ಲೆಕ್ಕಹಾಕಿ, ಕೊರತೆಯಿಂದ ಯಾರಿಗೆ ಯಾವ ಅಪಾಯವಿದೆ ಎಂಬುದನ್ನು ಸಂಸ್ಥೆಯ ನಾಮಿನೇಟೆಡ್ ಇಂಡಿವಿಜುವಲ್‌ಗೆ (ಸೇವೆಯ ಮೇಲ್ವಿಚಾರಣೆಗೆ ಸಂಸ್ಥೆ ಹೆಸರಿಸಿದ ವ್ಯಕ್ತಿಗೆ) ಬರಹದಲ್ಲಿ ಕಳುಹಿಸಿ, ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ಸುರಕ್ಷಿತವಾಗಿ ನೋಡಿಕೊಳ್ಳಲಾಗದಿದ್ದರೆ ಹೊಸ ನಿವಾಸಿಯನ್ನು ಸೇರಿಸಿಕೊಳ್ಳಬೇಡಿ. ಆ ನಿರ್ಧಾರ ನಿಮ್ಮ ಕೈಯಲ್ಲಿರುತ್ತದೆ ಎಂದು ನೇಮಕ ಪತ್ರದಲ್ಲಿ ಬರೆದುಕೊಡಲು ಮಾಲೀಕರು ಒಪ್ಪದಿದ್ದರೆ, ನನ್ನ ಮಟ್ಟಿಗೆ ಹೇಳುವುದಾದರೆ, ಅರ್ಜಿ ಹಾಕಬೇಡಿ. ಮುಂದೆ ಕೆಲಸ ಬಿಟ್ಟರೂ, ನೋಂದಣಿ ನಿಮ್ಮ ಹೆಸರಿನಲ್ಲಿರುವುದರಿಂದ ಅದನ್ನು ರದ್ದುಪಡಿಸಲು ನೀವೇ ಅರ್ಜಿ ಕೊಡಬೇಕು.