ಪಂಢರಪುರದ ಹುಸೇನ್ ಮತ್ತು ಒಳಾಂಗಣ ವಿನ್ಯಾಸ

ಪ್ರಶ್ನೆ (ಸೊಲ್ಲಾಪುರದಿಂದ):
ನಮ್ಮ ಜಿಲ್ಲೆಯ ಪಂಢರಪುರದಲ್ಲಿ 1915ರಲ್ಲಿ ಹುಟ್ಟಿದ ಎಂ. ಎಫ್. ಹುಸೇನರನ್ನು ಕುದುರೆಗಳ ಚಿತ್ರಕಾರರೆಂದಷ್ಟೇ ನೆನೆಯುತ್ತೇವೆ. ಅವರು ಒಳಾಂಗಣ ವಿನ್ಯಾಸದಲ್ಲೂ ಕೈಯಾಡಿಸಿದ್ದರೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಅಕ್ಕಲಕೋಟೆಯಿಂದ):
ಮುಂಬಯಿಯಲ್ಲಿ ಸಿನಿಮಾ ಫಲಕಗಳನ್ನು ಬರೆದು ಹೊಟ್ಟೆ ಹೊರೆದ ಅವರು, 1940ರ ದಶಕದಲ್ಲಿ ಮಕ್ಕಳ ಕೋಣೆಯ ಪೀಠೋಪಕರಣಗಳನ್ನೂ ಆಟಿಕೆಗಳನ್ನೂ ವಿನ್ಯಾಸಗೊಳಿಸುತ್ತಿದ್ದರು. ಹೊಟ್ಟೆಪಾಡಿನ ಕೆಲಸವೆಂದು ಅದನ್ನು ಬದಿಗೆ ಸರಿಸುವುದು ನನಗೆ ಸರಿಕಾಣದು.

ಉತ್ತರ (ಜತ್ತದಿಂದ):
ಅಹಮದಾಬಾದಿನಲ್ಲಿ ವಾಸ್ತುಶಿಲ್ಪಿ ಬಿ. ವಿ. ದೋಶಿಯವರು ಅವರಿಗಾಗಿ ರೂಪಿಸಿದ, ಬಹುಪಾಲು ನೆಲದಡಿಯಲ್ಲಿರುವ 'ಗುಫಾ' (ಗುಹೆ) ಎಂಬ ಚಿತ್ರಶಾಲೆಯನ್ನು ಮರೆಯುವಂತಿಲ್ಲ. ಓರೆಕಂಬಗಳ ನಡುವೆ ಬಾಗಿದ ಗೋಡೆ, ಚಾವಣಿಗಳ ಮೇಲೆಯೇ ಹುಸೇನರು ನೇರವಾಗಿ ಚಿತ್ರ ಬರೆದಿದ್ದಾರೆ. ಚೌಕಟ್ಟು ಹಾಕಿ ತೂಗುಹಾಕುವ ಮಾತೇ ಅಲ್ಲಿಲ್ಲ. ಗುಮ್ಮಟಗಳ ಹೊರಮೈಗೆ ಒಡೆದ ಪಿಂಗಾಣಿ ಚೂರುಗಳನ್ನು ಮೆತ್ತಲಾಗಿದ್ದು, ಅವುಗಳ ಕಿಂಡಿಗಳಿಂದ ಇಳಿಯುವ ಬಿಸಿಲು ನೆಲದ ಮೇಲೆ ದುಂಡಗೆ ಬಿದ್ದು ಹೊತ್ತಿಗೆ ತಕ್ಕಂತೆ ಸರಿಯುತ್ತದೆ.