ಗೈಡ್ ಇಲ್ದೆ ಎರಡು ಪ್ಯಾರಾ ಬರೆಸೋದು ಹೇಗೆ?

ತುಮಕೂರು_ಮೇಷ್ಟ್ರು: ಒಂಬತ್ತನೇ ಕ್ಲಾಸಿಗೆ ಕನ್ನಡ ತಗೋತೀನಿ, ಸರ್ಕಾರಿ ಹೈಸ್ಕೂಲು, 42 ಮಕ್ಳು. ಗಾದೆ ವಿಸ್ತರಣೆ ಕೊಟ್ರೆ ಅಷ್ಟೂ ಜನ "ಗಾದೆಗಳು ವೇದಗಳಿಗೆ ಸಮಾನ, ವೇದ ಸುಳ್ಳಾದರೂ ಗಾದೆ ಸುಳ್ಳಾಗದು" ಅಂತ್ಲೇ ಶುರು ಮಾಡ್ತಾರೆ, ಅಲ್ಲಿಗೆ ಪೆನ್ನು ನಿಂತೋಗುತ್ತೆ. ಪ್ರಬಂಧ ಆದ್ರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ನೀಟಾಗಿ ಅಂಡರ್‌ಲೈನ್ ಹೊಡೆದಿರ್ತಾರೆ, ಕೆಳಗೆ ಗೈಡಿನ ಸಾಲೇ. ಅದೇ ಹುಡುಗ್ರು ಬಿಸಿಯೂಟಕ್ಕೆ ಕೂತಾಗ ಕ್ರಿಕೆಟ್ ಬಗ್ಗೆ ಬಾಯಿ ಮುಚ್ಚಲ್ಲ. ಸ್ವಂತವಾಗಿ ಬರೆಸಿರೋರು ಇದ್ರೆ ಹೇಳಿ, ಟ್ರೈನಿಂಗಿನ ಪಿಪಿಟಿ ಬೇಡ.

ಸೀಮೆಸುಣ್ಣ: ಪ್ರಬಂಧ ಸ್ವಲ್ಪ ದಿನ ಮರ್ತುಬಿಡಿ ಸಾರ್. ನಾನು "ಮುದ್ದೆ ಮಾಡೋದು ಹೇಗೆ ಬರೀರಿ, ಓದೋನು ಮುದ್ದೆ ಕಂಡೇ ಇಲ್ಲ ಅನ್ಕೊಳ್ಳಿ" ಅಂದೆ. ಆಮೇಲೆ ಬುಕ್ ಅದಲುಬದಲು, ಪಕ್ಕದೋನು ಅದ್ರಲ್ಲಿ ಇದ್ದಂಗೇ ಆಕ್ಟಿಂಗ್ ಮಾಡ್ಬೇಕು. ಒಬ್ಬ ಎಸರು ಇಡೋದನ್ನೇ ಬರ್ದಿಲ್ಲ, ಬರೀ ಪಾತ್ರೆಗೆ ಹಿಟ್ಟು ಸುರ್ದು ತಿರುವೋಕೆ ಶುರು, ಕ್ಲಾಸೆಲ್ಲಾ ಬಿದ್ದು ಬಿದ್ದು ನಗ್ತು. ಬರ್ದೋನು ಬುಕ್ ಕಿತ್ಕೊಂಡು ಮೇಲ್ಗಡೆ ಎರಡು ಸಾಲು ತುರುಕಿದ, ನಾನು ಹೇಳ್ಲೇ ಇಲ್ಲ. ಅದುವರ್ಗೂ ಅವ್ನಿಗೆ ತಿದ್ದೋದು ಅಂದ್ರೆ ಮೇಷ್ಟ್ರ ಕೆಂಪು ಪೆನ್ನು ಅಷ್ಟೇ.

ಧಾರವಾಡದ_ಅಕ್ಕೋರು: ನಮ್ಮ ಕಡೆ ತ್ರಾಸು ಬ್ಯಾರೆ ಐತ್ರಿ. ಮನ್ಯಾಗಿನ ಕನ್ನಡ ಬ್ಯಾರೆ, ಪುಸ್ತಕದ್ದು ಬ್ಯಾರೆ, ತಪ್ಪಾಗ್ತೈತಿ ಅಂತ ಅಂಜಿ ಹುಡುಗ್ರು ಬರಿಯೂದೇ ಇಲ್ಲ. ಅದಕ್ಕ ನಾ ಮೊದ್ಲು ಜಾತ್ರಿ ಸುದ್ದಿ ಬಾಯಿಲೆ ಹೇಳ್ರಿ ಅಂತೀನಿ, ಹೇಳಿದ್ಹಂಗ ಬೋರ್ಡಿನ ಮ್ಯಾಲೆ ಬರೀತೀನಿ, "ತೇರು ಎಳ್ಯಾಕ ಹೋಗಿದ್ವಿ" ಅಂತ. ಆಮ್ಯಾಲೆ ಎಲ್ಲಾರೂ ಕೂಡಿ ಬಾಜೂಕ "ತೇರನ್ನು ಎಳೆಯಲು ಹೋಗಿದ್ದೆವು" ಅಂತ ಬರೀತೀವಿ, ಮೊದ್ಲಿಂದು ಅಳಸೂದಿಲ್ಲ. ಮತ್ತ ಒಂದ್ ವಾರಕ್ಕ ಒಂದ ನಮೂನಿ ತಪ್ಪು ತಿದ್ರಿ, ಈ ವಾರ ಒತ್ತಕ್ಷರ, ಮುಂದಿನ ವಾರ ವಿಭಕ್ತಿ. ಎಲ್ಲಾದಕ್ಕೂ ಕೆಂಪು ಗೆರಿ ಎಳದ್ರ ಹುಡುಗ ಮುಂದಿನ ಸಲ ಮೂರು ಸಾಲಿಗೆ ಮುಗಸ್ತಾನ, ಕಡಿಮಿ ಬರದ್ರ ಕಡಿಮಿ ತಪ್ಪು ಅನ್ನೂದು ಅವಕ್ಕೂ ಗೊತ್ತೈತಿ.

ಹಳೇ_ಡಸ್ಟರ್: ಎಲ್ಲಾ ಸರಿ, ಎಸ್ಸೆಸ್ಸೆಲ್ಸಿ ಪೇಪರಲ್ಲಿ ಮುದ್ದೆ ಕೇಳಲ್ವಲ್ಲ? ರಿಸಲ್ಟ್ ಕಮ್ಮಿ ಆದ್ರೆ ಬೈಸ್ಕೊಳ್ಳೋದು ನಾವು. ಏನೂ ಬರ್ದೇ ಇರೋ ಮಕ್ಳಿಗೆ ಆ ವೇದದ ಸಾಲೇ ಗತಿ, ಅದನ್ನೂ ಕಿತ್ಕೊಂಡ್ರೆ ಖಾಲಿ ಹಾಳೆ ಕೊಟ್ಟು ಬರ್ತವೆ.

ತುಮಕೂರು_ಮೇಷ್ಟ್ರು: ನೀವು ಹೇಳೋದೂ ನಿಜಾನೇ, ಆ ಸಾಲು ಕೀಳಲಿಲ್ಲ. ಇವತ್ತು "ಕೈ ಕೆಸರಾದರೆ ಬಾಯಿ ಮೊಸರು" ಕೊಟ್ಟು, ವೇದದ ಸಾಲು ಬರ್ಕೊಳ್ಳಿ, ಅದಾದ್ಮೇಲೆ ನಿಮ್ಮನೇಲಿ ಯಾರ ಕೈ ಕೆಸರು ಅಂತ ಬರೀರಿ ಅಂದೆ. ಮೊದ್ಲು ಅಕ್ಕೋರು ಹೇಳ್ದಂಗೆ ಬಾಯಲ್ಲೇ ಹೇಳಿಸ್ದೆ. ಅರ್ಧ ಕ್ಲಾಸು ಇನ್ನೂ ಗೈಡೇ. ಆದ್ರೆ ಹಿಂದಿನ ಬೆಂಚಿನ ಒಂದು ಹುಡುಗಿ, ಯಾವತ್ತೂ ನಾಲ್ಕು ಸಾಲು ದಾಟಿದೋಳಲ್ಲ, ಪೂರ್ತಿ ಒಂದು ಪುಟ ಬರ್ದಿದ್ದಾಳೆ. ಅಮ್ಮ ನಾಲ್ಕು ಗಂಟೆಗೇ ಎದ್ದು ಕಂಡೋರ ತೋಟದಲ್ಲಿ ಹೂ ಬಿಡಿಸೋದು, ಕೂಲಿ ಎಷ್ಟು, ಮಳೆ ಬಂದ್ರೆ ಅದೂ ಇಲ್ಲ, ಎಲ್ಲಾ ಇದೆ. ಕೊನೇ ಸಾಲು "ಕೈ ಕೆಸರಾಗಿ ತುಂಬ ವರ್ಷ ಆಯ್ತು, ಮೊಸರು ಇನ್ನೂ ಬಂದಿಲ್ಲ ಸಾರ್". ಗಾದೆ ಸುಳ್ಳಾಗದು ಅಂತ ಮೇಲ್ಗಡೆ ಅವಳೇ ಬರ್ದಿದ್ದಾಳೆ! ಒತ್ತಕ್ಷರ ಹತ್ತು ಕಡೆ ತಪ್ಪಿದೆ, ಕೆಂಪು ಪೆನ್ನು ಮಾತ್ರ ಇನ್ನೂ ತೆಗೆದಿಲ್ಲ.